ಫೈರ್‌ವಾಲ್‌ನ ಯಾವ ಇಂಟರ್‌ಫೇಸ್‌ಗಳಲ್ಲಿ ಒಎಸ್‌ಪಿಎಫ್ ನಡೆಸಬೇಕು? ಟನೆಲ್ ಎಕ್ಸ್‌ಸ್ಟಾರ್ಟ್‌ನಲ್ಲೇ ನಿಲ್ಲುತ್ತಿದೆ

ಜಾಲಯಾನಿ (ಪ್ರಶ್ನೆ)

ನಾನು ನೋಡಿಕೊಳ್ಳುವ ಜಾಲದಲ್ಲಿ ಫೈರ್‌ವಾಲ್ ಈವರೆಗೆ ಸ್ಟ್ಯಾಟಿಕ್ ರೂಟ್‌ಗಳಿಂದಲೇ ಕೆಲಸ ಮಾಡುತ್ತಿತ್ತು. ಒಳಗೆ ಹೊಸ ವಿಎಲ್ಯಾನ್ (ಒಳಜಾಲದ ಪ್ರತ್ಯೇಕ ವಿಭಾಗ) ಸೇರಿದಾಗಲೆಲ್ಲ ಫೈರ್‌ವಾಲ್‌ನಲ್ಲೂ ಒಂದು ರೂಟ್ ಬರೆಯಬೇಕಾಗುವುದರಿಂದ, ಕೋರ್ ಸ್ವಿಚ್‌ಗಳಲ್ಲಿ ಈಗಾಗಲೇ ನಡೆಯುತ್ತಿರುವ ಒಎಸ್‌ಪಿಎಫ್ (ಸಾಧನಗಳು ತಮಗೆ ಗೊತ್ತಿರುವ ಹಾದಿಗಳನ್ನು ತಾವೇ ಪರಸ್ಪರ ತಿಳಿಸಿಕೊಳ್ಳುವ ರೂಟಿಂಗ್ ಪ್ರೋಟೋಕಾಲ್) ಅನ್ನು ಫೈರ್‌ವಾಲ್‌ವರೆಗೂ ತರಲು ನಿರ್ಧರಿಸಿದ್ದೇವೆ. ಫೈರ್‌ವಾಲ್ ಎಂದರೆ ಒಂದು ಸಕ್ರಿಯ ಘಟಕ ಮತ್ತು ಒಂದು ಸ್ಟ್ಯಾಂಡ್‌ಬೈ ಘಟಕದ ಜೋಡಿ. ಇವೆರಡಕ್ಕೂ ವಿಳಾಸಗಳು ಮತ್ತು ರೂಟರ್ ಐಡಿ ಒಂದೇ.

ಇಂಟರ್‌ಫೇಸ್‌ಗಳು ಹೀಗಿವೆ. ಒಳಭಾಗದಲ್ಲಿ ಎರಡು ಕೋರ್ ಸ್ವಿಚ್‌ಗಳಿಗೆ ಎರಡು ಪ್ರತ್ಯೇಕ ಲಿಂಕ್‌ಗಳು, ಸರ್ವರ್‌ಗಳಷ್ಟೇ ಇರುವ ಒಂದು ಡಿಎಂಝಡ್ (ಒಳಜಾಲದಿಂದ ಬೇರ್ಪಡಿಸಿದ ಜಾಲಭಾಗ), ಇಂಟರ್ನೆಟ್ ಸೇವಾದಾರರ ಕಡೆಗೆ ಒಂದು ಹೊರಭಾಗದ ಇಂಟರ್‌ಫೇಸ್, ಶಾಖೆಗೆ ಹೋಗುವ ರೂಟ್ ಆಧಾರಿತ ಐಪಿಸೆಕ್ ಟನೆಲ್, ಮತ್ತು ನಿರ್ವಹಣೆಗೆ ಒಂದು ಪೋರ್ಟ್. ಮಾದರಿ ಕಾನ್ಫಿಗರೇಶನ್‌ಗಳಲ್ಲಿ ಹೆಚ್ಚಾಗಿ ಕಾಣುವ ‘ನೆಟ್‌ವರ್ಕ್ 0.0.0.0/0 ಏರಿಯಾ 0’ ಎಂಬ ಒಂದೇ ಸಾಲು ಬರೆದರೆ ಇವೆಲ್ಲವೂ ಒಎಸ್‌ಪಿಎಫ್‌ಗೆ ಸೇರಿಬಿಡುತ್ತವೆ. ಅದು ಸರಿಯಾದ ಕ್ರಮವೇ, ಅಥವಾ ಇಂಟರ್‌ಫೇಸ್‌ಗಳನ್ನು ಒಂದೊಂದಾಗಿ ಆರಿಸಿಕೊಳ್ಳಬೇಕೇ? ಡಿಎಂಝಡ್‌ನ ಜಾಲವಿಳಾಸ ಕೋರ್ ಸ್ವಿಚ್‌ಗಳಿಗೆ ತಿಳಿಯಲೇಬೇಕು, ಆದರೆ ಅಲ್ಲಿನ ಸರ್ವರ್‌ಗಳ ಜೊತೆ ಒಎಸ್‌ಪಿಎಫ್ ಮಾತಾಡುವ ಅಗತ್ಯವಿಲ್ಲ.

ಪರೀಕ್ಷೆಗಾಗಿ ಒಳಭಾಗದ ಎರಡು ಲಿಂಕ್‌ಗಳು ಮತ್ತು ಟನೆಲ್‌ನಲ್ಲಿ ಮಾತ್ರ ಇದನ್ನು ಚಾಲನೆಗೊಳಿಸಿ ನೋಡಲಾಗಿದೆ. ಒಳಭಾಗದಲ್ಲಿ ಎರಡೂ ನೇಬರ್‌ಗಳು (ಒಎಸ್‌ಪಿಎಫ್ ಮಾತಾಡುವ ಪಕ್ಕದ ಸಾಧನಗಳು) ಫುಲ್ ಸ್ಥಿತಿಗೆ, ಅಂದರೆ ಮಾಹಿತಿ ವಿನಿಮಯ ಮುಗಿದ ಸ್ಥಿತಿಗೆ ಬಂದಿವೆ. ಟನೆಲ್‌ನಲ್ಲಿ ಮಾತ್ರ ನಮ್ಮ ಕಡೆ ಎಕ್ಸ್‌ಸ್ಟಾರ್ಟ್, ಶಾಖೆಯ ಕಡೆ ಅದರ ಮುಂದಿನ ಹಂತವಾದ ಎಕ್ಸ್‌ಚೇಂಜ್ ಎಂದು ತೋರಿಸುತ್ತಾ, ಸ್ವಲ್ಪ ಹೊತ್ತಿನ ನಂತರ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಟನೆಲ್ ಮೂಲಕ ಪಿಂಗ್ ಸರಿಯಾಗಿಯೇ ಹೋಗುತ್ತದೆ. ಇದಲ್ಲದೆ, ಎರಡೂ ಒಳ ಲಿಂಕ್‌ಗಳು ಚಾಲನೆಯಲ್ಲಿರುವಾಗ ಕೆಲವು ಟಿಸಿಪಿ ಸಂಪರ್ಕಗಳು ಆರಂಭದಲ್ಲೇ ಕಡಿದುಹೋಗುತ್ತಿವೆ.

ಹಾದಿಗಣಕ

ಫೈರ್‌ವಾಲ್‌ನಲ್ಲಿ ಒಂದು ಇಂಟರ್‌ಫೇಸನ್ನು ಒಎಸ್‌ಪಿಎಫ್‌ಗೆ ಸೇರಿಸುವುದು ಒಂದೇ ನಿರ್ಧಾರದಂತೆ ಕಂಡರೂ ಅದರೊಳಗೆ ಮೂರು ನಿರ್ಧಾರಗಳಿವೆ: ಆ ಇಂಟರ್‌ಫೇಸ್‌ನ ಜಾಲವಿಳಾಸವನ್ನು ಇತರರಿಗೆ ಸಾರಬೇಕೇ, ಅಲ್ಲಿ ನೇಬರ್ ಸಂಬಂಧ ಬೆಳೆಸಬೇಕೇ, ಮತ್ತು ಒಎಸ್‌ಪಿಎಫ್ ಪ್ಯಾಕೆಟ್‌ಗಳನ್ನು ಫೈರ್‌ವಾಲ್ ತನ್ನೊಳಗೆ ಬಿಟ್ಟುಕೊಳ್ಳಬೇಕೇ. ರೂಟರ್‌ನಲ್ಲಿ ಮೊದಲ ಎರಡನ್ನು ಬೆರೆಸಿದರೂ ದೊಡ್ಡ ಅಪಾಯವಾಗದಿರಬಹುದು, ಮೂರನೆಯ ಪ್ರಶ್ನೆ ಹೆಚ್ಚಾಗಿ ಏಳುವುದೇ ಇಲ್ಲ. ಫೈರ್‌ವಾಲ್‌ನಲ್ಲಿ ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆಯಬೇಕು.

ನೀವು ಹೇಳಿದ ಆ ಒಂದೇ ಸಾಲು ಹೊರಭಾಗದ ಇಂಟರ್‌ಫೇಸ್‌ನಲ್ಲೂ 224.0.0.5 ವಿಳಾಸಕ್ಕೆ ಹಲೋ ಪ್ಯಾಕೆಟ್‌ಗಳನ್ನು (ನೇಬರ್‌ಗಳನ್ನು ಹುಡುಕುವ ಪ್ಯಾಕೆಟ್‌ಗಳು) ಕಳುಹಿಸಲು ಆರಂಭಿಸುತ್ತದೆ. ಅವುಗಳಲ್ಲಿ ನಿಮ್ಮ ರೂಟರ್ ಐಡಿ, ಏರಿಯಾ ಸಂಖ್ಯೆ ಮತ್ತು ಟೈಮರ್‌ಗಳು ತೆರೆದೇ ಇರುತ್ತವೆ. ದೃಢೀಕರಣ ಇಲ್ಲದಿದ್ದರೆ ಆ ತುದಿಯಲ್ಲಿರುವ ಯಾವ ಸಾಧನವಾದರೂ ನೇಬರ್ ಆಗಿ ರೂಟ್‌ಗಳನ್ನು ತುರುಕಬಹುದು. ಆದ್ದರಿಂದ ಮೊದಲು ಎಲ್ಲ ಇಂಟರ್‌ಫೇಸ್‌ಗಳನ್ನೂ ಪ್ಯಾಸಿವ್ ಎಂದು ಘೋಷಿಸಿ, ನೇಬರ್ ಬೇಕಾದ ಮೂರರಲ್ಲಿ ಮಾತ್ರ ಆ ನಿರ್ಬಂಧವನ್ನು ತೆಗೆಯಿರಿ. ‘ಪ್ಯಾಸಿವ್-ಇಂಟರ್‌ಫೇಸ್ ಡಿಫಾಲ್ಟ್’ ಎಂಬ ಆಜ್ಞೆ ಇರುವುದು ಇದಕ್ಕಾಗಿಯೇ. ಡಿಎಂಝಡ್ ಪ್ಯಾಸಿವ್ ಆಗಿಯೇ ಒಎಸ್‌ಪಿಎಫ್‌ನಲ್ಲಿ ಇರಲಿ; ಅದರ ಜಾಲವಿಳಾಸ ಕೋರ್ ಸ್ವಿಚ್‌ಗಳಿಗೆ ತಲುಪುತ್ತದೆ, ಹಲೋ ಮಾತ್ರ ಹೊರಡುವುದಿಲ್ಲ. ಹೊರಭಾಗ ಮತ್ತು ನಿರ್ವಹಣೆಯ ಪೋರ್ಟ್ ಪ್ಯಾಸಿವ್ ಆಗಿಯೂ ಬೇಡ, ನೆಟ್‌ವರ್ಕ್ ಸಾಲಿನಿಂದಲೇ ಅವನ್ನು ಹೊರಗಿಡಿ. ಸೇವಾದಾರರ ಜೊತೆ ರೂಟ್ ವಿನಿಮಯ ಬೇಕೆನಿಸಿದರೆ ಅದು ಬಿಜಿಪಿಯ (ಬೇರೆ ಬೇರೆ ಸಂಸ್ಥೆಗಳ ಜಾಲಗಳ ನಡುವಿನ ರೂಟಿಂಗ್ ಪ್ರೋಟೋಕಾಲ್) ಕೆಲಸ.

ಇನ್ನು ಒಳಬಿಡುವ ನಿಯಮ. ಒಎಸ್‌ಪಿಎಫ್ ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ. ನೇರವಾಗಿ ಐಪಿಯ ಮೇಲೆ ಕೂರುವ 89ನೇ ಪ್ರೋಟೋಕಾಲ್. ನಿಯಮದಲ್ಲಿ ಪೋರ್ಟ್ ಸಂಖ್ಯೆಗಾಗಿ ಹುಡುಕಿದರೆ ಸಿಗುವುದಿಲ್ಲ. ಜುನಿಪರ್ ಎಸ್‌ಆರ್‌ಎಕ್ಸ್‌ನಂತಹ ಸಾಧನಗಳಲ್ಲಿ ಪ್ರತಿ ಝೋನ್‌ನ ಹೋಸ್ಟ್-ಇನ್‌ಬೌಂಡ್ ಪಟ್ಟಿಯಲ್ಲಿ ಒಎಸ್‌ಪಿಎಫ್ ಎಂದು ಬರೆದ ಹೊರತು ನೇಬರ್ ಕಾಣಿಸುವುದೇ ಇಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಹಲೋ ಪ್ಯಾಕೆಟ್‌ಗಳು ಮಲ್ಟಿಕಾಸ್ಟ್ ಆಗಿ ಬರುತ್ತವೆ, ಆದರೆ ಬ್ರಾಡ್‌ಕಾಸ್ಟ್ ಮಾದರಿಯ ಲಿಂಕ್‌ನಲ್ಲಿ ಡೇಟಾಬೇಸ್ ವಿವರಣೆಯ (ತನ್ನ ಬಳಿ ಇರುವ ಮಾಹಿತಿಯ ಪಟ್ಟಿ) ಪ್ಯಾಕೆಟ್‌ಗಳು ನೇರವಾಗಿ ಫೈರ್‌ವಾಲ್‌ನ ಸ್ವಂತ ವಿಳಾಸಕ್ಕೆ ಬರುತ್ತವೆ. 224.0.0.5 ಮತ್ತು 224.0.0.6 ವಿಳಾಸಗಳನ್ನಷ್ಟೇ ಅನುಮತಿಸಿದ ನಿಯಮವಿದ್ದರೆ ನೇಬರ್ ಕಾಣಿಸುತ್ತದೆ, ಮುಂದಕ್ಕೆ ಮಾತ್ರ ಹೋಗುವುದಿಲ್ಲ.

ಈ ಹಿನ್ನೆಲೆಯಲ್ಲಿ ನಿಮ್ಮ ಟನೆಲ್ ನೋಡೋಣ. ಶಾಖೆ ಎಕ್ಸ್‌ಚೇಂಜ್‌ಗೆ ಬಂದಿದೆ ಎಂದರೆ ನೀವು ಕಳುಹಿಸಿದ ಡೇಟಾಬೇಸ್ ವಿವರಣೆ ಅದಕ್ಕೆ ತಲುಪಿದೆ, ಅದನ್ನು ಶಾಖೆ ಒಪ್ಪಿಯೂ ಇದೆ. ನಿಮ್ಮ ಕಡೆ ಎಕ್ಸ್‌ಸ್ಟಾರ್ಟ್‌ನಲ್ಲೇ ಉಳಿದಿದೆ ಎಂದರೆ ಶಾಖೆಯ ಉತ್ತರ ನಿಮ್ಮ ಬಾಗಿಲಿನಲ್ಲಿ ತಿರಸ್ಕೃತವಾಗುತ್ತಿದೆ. ಕಾರಣ ಎರಡರಲ್ಲೊಂದು: ಮೇಲೆ ಹೇಳಿದ ಒಳಬಿಡುವ ನಿಯಮ, ಇಲ್ಲವೇ ಎಂಟಿಯು (ತುಂಡರಿಸದೆ ಕಳುಹಿಸಬಹುದಾದ ಅತಿದೊಡ್ಡ ಪ್ಯಾಕೆಟ್‌ನ ಗಾತ್ರ). ಒಎಸ್‌ಪಿಎಫ್‌ನ ಮಾನದಂಡವಾದ 1998ರ ಆರ್‌ಎಫ್‌ಸಿ 2328 ಪ್ರಕಾರ ಈ ಪ್ಯಾಕೆಟ್‌ನಲ್ಲಿ ಕಳುಹಿಸುವವರ ಇಂಟರ್‌ಫೇಸ್ ಎಂಟಿಯು ನಮೂದಾಗಿರುತ್ತದೆ, ಮತ್ತು ಅದು ತಾನು ತುಂಡರಿಸದೆ ಸ್ವೀಕರಿಸಬಲ್ಲ ಗಾತ್ರಕ್ಕಿಂತ ದೊಡ್ಡದಾಗಿದ್ದರೆ ಪಡೆದವರು ಆ ಪ್ಯಾಕೆಟ್ ಅನ್ನು ತಿರಸ್ಕರಿಸಬೇಕು. ಅಂದರೆ ತಿರಸ್ಕರಿಸುವುದು ಯಾವಾಗಲೂ ಚಿಕ್ಕ ಎಂಟಿಯು ಇರುವ ಕಡೆ. ನಿಮ್ಮ ಟನೆಲ್ ಇಂಟರ್‌ಫೇಸ್‌ನ ಎಂಟಿಯು ಶಾಖೆಯದಕ್ಕಿಂತ ಕಡಿಮೆ ಇರಬೇಕು ಎಂಬುದು ನನ್ನ ಊಹೆ. ಎರಡೂ ಕಡೆಯ ರೂಟರ್ ಐಡಿ ನೋಡಿ; ನಿಮ್ಮದು ದೊಡ್ಡದಾಗಿದ್ದರೆ ಈ ಚಿತ್ರ ಪೂರ್ತಿ ಹೊಂದುತ್ತದೆ, ಏಕೆಂದರೆ ಶಾಖೆ ಸ್ಲೇವ್ ಆಗಿ ಮುಂದಿನ ಸ್ಥಿತಿಗೆ ಹೋಗಿರುತ್ತದೆ. ಶಾಖೆಯ ಐಡಿ ದೊಡ್ಡದಾಗಿದ್ದರೆ ಎರಡೂ ಕಡೆ ಎಕ್ಸ್‌ಸ್ಟಾರ್ಟ್ ಎಂದೇ ಕಾಣಬೇಕಿತ್ತು. ಪಿಂಗ್ ಹೋಗುತ್ತದೆ ಎಂಬುದು ಇಲ್ಲಿ ಸಾಕ್ಷಿಯಾಗದು. ಸಾಮಾನ್ಯ ಪಿಂಗ್ ಪ್ಯಾಕೆಟ್ ತೀರಾ ಚಿಕ್ಕದು. ಎಂಟಿಯು 1400 ಎಂದಿದ್ದರೆ, ತುಂಡರಿಸಬಾರದು ಎಂಬ ಗುರುತಿನೊಂದಿಗೆ 1372 ಬೈಟ್‌ಗಳ ಪೇಲೋಡ್ ಕಳುಹಿಸಿ ನೋಡಿ, ಉಳಿದ 28 ಬೈಟ್‌ಗಳು ಐಪಿ ಮತ್ತು ಐಸಿಎಂಪಿ ಹೆಡರ್‌ಗಳಿಗೆ ಹೋಗುತ್ತವೆ.

‘ಎಂಟಿಯು-ಇಗ್ನೋರ್’ ಎಂಬ ಆಯ್ಕೆಯ ಮೊರೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅದು ಪರಿಶೀಲನೆಯನ್ನು ನಿಲ್ಲಿಸುತ್ತದೆಯೇ ಹೊರತು ದೊಡ್ಡ ಪ್ಯಾಕೆಟ್‌ಗೆ ದಾರಿ ಮಾಡಿಕೊಡುವುದಿಲ್ಲ. ಇಂದು ಡೇಟಾಬೇಸ್ ಚಿಕ್ಕದಾಗಿರುವುದರಿಂದ ಫುಲ್ ಬರಬಹುದು. ರೂಟ್‌ಗಳು ಹೆಚ್ಚಾಗಿ ಅಪ್‌ಡೇಟ್ ಪ್ಯಾಕೆಟ್ ದೊಡ್ಡದಾದ ದಿನ ಅದೇ ಟನೆಲ್ ಲೋಡಿಂಗ್ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಗ ಕಾರಣ ಹುಡುಕುವುದು ಇನ್ನೂ ಕಷ್ಟ.

ಟನೆಲ್‌ನ ನೆಟ್‌ವರ್ಕ್ ಮಾದರಿಯನ್ನು ಎರಡೂ ಕಡೆ ಪಾಯಿಂಟ್-ಟು-ಪಾಯಿಂಟ್ ಎಂದೇ ಇಡಿ. ಒಂದು ಕಡೆ ಬ್ರಾಡ್‌ಕಾಸ್ಟ್, ಇನ್ನೊಂದು ಕಡೆ ಪಾಯಿಂಟ್-ಟು-ಪಾಯಿಂಟ್ ಇದ್ದರೆ ಎರಡರ ಹಲೋ 10 ಸೆಕೆಂಡ್, ಡೆಡ್ (ಹಲೋ ಬಾರದಿದ್ದರೆ ನೇಬರ್ ಸತ್ತಿತೆನ್ನುವ ಅವಧಿ) 40 ಸೆಕೆಂಡ್ ಆಗಿರುವುದರಿಂದ ನೇಬರ್ ಫುಲ್ ಎಂದೇ ತೋರಿಸುತ್ತದೆ, ಆದರೆ ರೂಟಿಂಗ್ ಟೇಬಲ್‌ಗೆ ಒಂದು ರೂಟ್ ಕೂಡ ಬರುವುದಿಲ್ಲ. ಒಎಸ್‌ಪಿಎಫ್‌ನಲ್ಲಿ ಇದಕ್ಕಿಂತ ದಾರಿ ತಪ್ಪಿಸುವ ಸ್ಥಿತಿ ಮತ್ತೊಂದಿಲ್ಲ.

ಮರುಮಾರ್ಗ

ಹಾದಿಗಣಕ ಅವರ ಉತ್ತರದ ಜೊತೆಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಡಿಎಂಝಡ್ ಅನ್ನು ಪ್ಯಾಸಿವ್ ಮಾಡುವ ಬದಲು ‘ರೀಡಿಸ್ಟ್ರಿಬ್ಯೂಟ್ ಕನೆಕ್ಟೆಡ್’ (ನೇರವಾಗಿ ಜೋಡಿಸಿದ ಎಲ್ಲ ಜಾಲಗಳನ್ನೂ ಒಎಸ್‌ಪಿಎಫ್‌ಗೆ ಸೇರಿಸುವ ಆಜ್ಞೆ) ಬರೆದರೆ ಸಾಕು ಎನ್ನುವವರು ಬಹಳ ಮಂದಿ ಇದ್ದಾರೆ. ಹಾಗೆ ಬರೆದರೆ ಡಿಎಂಝಡ್ ಮಾತ್ರವಲ್ಲ, ಹೊರಭಾಗ, ನಿರ್ವಹಣೆ, ಘಟಕಗಳ ನಡುವಿನ ಸಿಂಕ್ ಲಿಂಕ್ ಎಲ್ಲದರ ವಿಳಾಸಗಳೂ ಕೋರ್ ಸ್ವಿಚ್‌ಗಳಿಗೆ ಸೋರುತ್ತವೆ. ಅವು ಟೈಪ್ 5 ಬಾಹ್ಯ ರೂಟ್‌ಗಳಾಗಿ ಹೋಗುವುದರಿಂದ ಸ್ಟಬ್ ಏರಿಯಾದೊಳಗೆ ಪ್ರವೇಶಿಸುವುದಿಲ್ಲ, ಮತ್ತು ಇ2 ಮಾದರಿಯಲ್ಲಿ ಒಳದಾರಿಯ ಕಾಸ್ಟ್ (ಹಾದಿ ಆರಿಸಲು ಒಎಸ್‌ಪಿಎಫ್ ಬಳಸುವ ಅಂಕಿ) ಅವುಗಳ ಮೆಟ್ರಿಕ್‌ಗೆ ಕೂಡುವುದಿಲ್ಲ. ರೀಡಿಸ್ಟ್ರಿಬ್ಯೂಷನ್ ಅನಿವಾರ್ಯವಾದರೆ, ಉದಾಹರಣೆಗೆ ದೂರದಿಂದ ಸಂಪರ್ಕಿಸುವ ವಿಪಿಎನ್ ಬಳಕೆದಾರರ ವಿಳಾಸ ಸಮೂಹವನ್ನು ಸಾರಬೇಕಾದರೆ, ಪ್ರಿಫಿಕ್ಸ್ ಲಿಸ್ಟ್ ಇರುವ ರೂಟ್ ಮ್ಯಾಪ್ ಮೂಲಕವೇ ಮಾಡಿ. ರೂಟ್ ಮ್ಯಾಪ್ ಇಲ್ಲದ ರೀಡಿಸ್ಟ್ರಿಬ್ಯೂಷನ್ ಸಾಲು ಫೈರ್‌ವಾಲ್‌ನಲ್ಲಿ ಇರಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಟಿಸಿಪಿ ಸಂಪರ್ಕಗಳು ಕಡಿಯುವುದಕ್ಕೆ ಕಾರಣ ಬಹುತೇಕ ಅಸಮ ಹಾದಿ. ನಿಮ್ಮ ಎರಡು ಒಳ ಲಿಂಕ್‌ಗಳ ಕಾಸ್ಟ್ ಸಮನಾಗಿದೆ, ಹೀಗಾಗಿ ಒಂದು ಸ್ವಿಚ್‌ನಿಂದ ಬಂದ ಸಿನ್ ಪ್ಯಾಕೆಟ್‌ಗೆ ಸಿನ್-ಆಕ್ ಉತ್ತರ ಇನ್ನೊಂದು ಲಿಂಕ್‌ನಲ್ಲಿ ಹೊರಡಬಹುದು. ರೂಟರ್‌ಗೆ ಇದರಿಂದ ಏನೂ ಆಗುವುದಿಲ್ಲ. ಸಂಪರ್ಕದ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಫೈರ್‌ವಾಲ್ ಆ ಸ್ಥಿತಿಯನ್ನು ಇಂಟರ್‌ಫೇಸ್‌ಗೆ ಕಟ್ಟಿಹಾಕಿದ್ದರೆ ಪ್ಯಾಕೆಟ್ ಅನ್ನು ಬಿಸಾಡುತ್ತದೆ. ಪಿಎಫ್ ಆಧಾರಿತ ಫೈರ್‌ವಾಲ್‌ಗಳಲ್ಲಿ ಫ್ಲೋಟಿಂಗ್ ಮತ್ತು ಇಫ್-ಬೌಂಡ್ ಎಂಬ ಎರಡು ನೀತಿಗಳಿರುವುದು ಇದಕ್ಕೇ. ಝೋನ್ ಆಧಾರಿತ ಸಾಧನವಾದರೆ ಎರಡೂ ಲಿಂಕ್‌ಗಳನ್ನು ಒಂದೇ ಝೋನ್‌ನಲ್ಲಿಡಿ. ಸ್ಟ್ರಿಕ್ಟ್ ರಿವರ್ಸ್ ಪಾತ್ ಪರಿಶೀಲನೆ (ಪ್ಯಾಕೆಟ್ ಬಂದ ಇಂಟರ್‌ಫೇಸ್‌ನಲ್ಲೇ ಅದರ ಮೂಲಕ್ಕೆ ಮರುಹಾದಿ ಇರಬೇಕೆಂಬ ಪರೀಕ್ಷೆ) ಇದೆಯೇ ಎಂದೂ ನೋಡಿ. ಲಿನಕ್ಸ್ ಆಧಾರಿತ ಪೆಟ್ಟಿಗೆಯಾದರೆ ಆರ್‌ಪಿ-ಫಿಲ್ಟರ್ ಮೌಲ್ಯ 1 ಎಂದರೆ ಸ್ಟ್ರಿಕ್ಟ್, 2 ಎಂದರೆ ಲೂಸ್.

ಸರಳ ಪರಿಹಾರವೆಂದರೆ ಒಂದು ಲಿಂಕ್‌ನ ಕಾಸ್ಟ್ ಹೆಚ್ಚಿಸಿ ಅದನ್ನು ಮೀಸಲಾಗಿಡುವುದು. ಒಎಸ್‌ಪಿಎಫ್ ಕಾಸ್ಟ್ ಹೊರಹೋಗುವ ದಿಕ್ಕಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ: ಫೈರ್‌ವಾಲ್‌ನಲ್ಲಿ ಮಾತ್ರ ಹೆಚ್ಚಿಸಿ ಸ್ವಿಚ್‌ನಲ್ಲಿ ಹಾಗೇ ಬಿಟ್ಟರೆ ಆಗಾಗ ಬರುತ್ತಿದ್ದ ಅಸಮತೆ ಶಾಶ್ವತವಾಗುತ್ತದೆ. ಕಾಸ್ಟ್ ಲೆಕ್ಕಕ್ಕೆ ರೆಫರೆನ್ಸ್ ಬ್ಯಾಂಡ್‌ವಿಡ್ತ್ ಹಳೆಯ 100 ಎಂಬಿಪಿಎಸ್‌ನಲ್ಲೇ ಇದ್ದರೆ 1 ಜಿಬಿಪಿಎಸ್ ಮತ್ತು 10 ಜಿಬಿಪಿಎಸ್ ಎರಡಕ್ಕೂ 1 ಎಂದೇ ಬರುತ್ತದೆ, ಅದನ್ನೂ ಎಲ್ಲ ಸಾಧನಗಳಲ್ಲಿ ಒಂದೇ ರೀತಿ ಬದಲಿಸಿ.

ಜಾಲಯಾನಿ

ಇಬ್ಬರಿಗೂ ಧನ್ಯವಾದಗಳು. ಹಾದಿಗಣಕ ಅವರ ಊಹೆ ನಿಜವಾಗಿದೆ. ನಮ್ಮ ಕಡೆ ಟನೆಲ್ ಎಂಟಿಯು 1400, ಶಾಖೆಯ ಕಡೆ 1500 ಎಂದಿತ್ತು. ಪ್ಯಾಕೆಟ್ ಕ್ಯಾಪ್ಚರ್‌ನಲ್ಲಿ ಶಾಖೆಯಿಂದ ಬಂದ ಡೇಟಾಬೇಸ್ ವಿವರಣೆಯ ಎಂಟಿಯು ಜಾಗದಲ್ಲಿ 1500 ಎಂದೇ ಕಾಣಿಸಿತು. ರೂಟರ್ ಐಡಿ ನಮ್ಮದು 10.0.0.9, ಶಾಖೆಯದು 10.0.0.2. ಶಾಖೆಯಲ್ಲೂ 1400 ಮಾಡಿದ ಕೂಡಲೇ ಫುಲ್ ಬಂದಿತು. ಎರಡನೆಯ ಒಳ ಲಿಂಕ್‌ನ ಕಾಸ್ಟ್ ಅನ್ನು ಎರಡೂ ತುದಿಗಳಲ್ಲಿ ಹೆಚ್ಚಿಸಿದ ಮೇಲೆ ಸಂಪರ್ಕಗಳು ಕಡಿಯುತ್ತಿಲ್ಲ.

ಈಗ ಉಳಿದಿರುವುದು ಘಟಕ ಬದಲಾವಣೆಯ ಸಮಸ್ಯೆ. ಮೊದಲ ಘಟಕದಿಂದ ಎರಡನೆಯದಕ್ಕೆ ಬದಲಾಯಿಸಿದಾಗ ಒಳಜಾಲದ ಸಂಚಾರ ಸುಮಾರು 40 ಸೆಕೆಂಡ್ ನಿಂತುಬಿಡುತ್ತದೆ. ಎರಡನೆಯದರಿಂದ ಮೊದಲನೆಯದಕ್ಕೆ ಮರಳುವಾಗ ಕೆಲವೇ ಸೆಕೆಂಡ್‌ಗಳಲ್ಲಿ ಸರಿಹೋಗುತ್ತದೆ. ಎರಡೂ ಘಟಕಗಳ ಕಾನ್ಫಿಗರೇಶನ್ ಒಂದೇ. ಒಳಭಾಗದಲ್ಲಿ ಎಂಡಿ5 ದೃಢೀಕರಣ ಇದೆ. ಬಿಎಫ್‌ಡಿ (ಹಾದಿ ಬಿದ್ದುದನ್ನು ಕ್ಷಿಪ್ರವಾಗಿ ಪತ್ತೆಹಚ್ಚುವ ಪ್ರೋಟೋಕಾಲ್) ಸೇರಿಸಿದರೆ ಈ ಅಂತರ ಕಡಿಮೆಯಾಗುವುದೇ?

ಕಾವಲುಕಿಂಡಿ

ಒಂದು ದಿಕ್ಕಿನಲ್ಲಿ 40 ಸೆಕೆಂಡ್, ಇನ್ನೊಂದು ದಿಕ್ಕಿನಲ್ಲಿ ಕೆಲವೇ ಸೆಕೆಂಡ್ ಎಂಬ ವ್ಯತ್ಯಾಸವೇ ಇಲ್ಲಿನ ಸುಳಿವು. ಸಾಮಾನ್ಯವಾಗಿ ಘಟಕ ಬದಲಾದಾಗ ಹೊಸ ಘಟಕದ ಹಲೋದಲ್ಲಿ ನೇಬರ್‌ನ ಐಡಿ ಇರುವುದಿಲ್ಲ. ಅದನ್ನು ಕಂಡ ಕೋರ್ ಸ್ವಿಚ್ ಹಳೆಯ ಸಂಬಂಧವನ್ನು ತಕ್ಷಣ ಮುರಿದು ಹೊಸದಾಗಿ ಆರಂಭಿಸುತ್ತದೆ. ಇದು ಡೆಡ್ ಟೈಮರ್‌ಗಾಗಿ ಕಾಯುವ ವಿಷಯವೇ ಅಲ್ಲ. ಸರಿಯಾಗಿ 40 ಸೆಕೆಂಡ್ ಆಗುತ್ತಿದೆ ಎಂದರೆ ಹೊಸ ಘಟಕದ ಹಲೋಗಳನ್ನು ಸ್ವಿಚ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ ಎಂದರ್ಥ.

ಎಂಡಿ5 ಇದೆ ಎಂದಿರಿ. ಒಎಸ್‌ಪಿಎಫ್‌ನ ಕ್ರಿಪ್ಟೋಗ್ರಾಫಿಕ್ ದೃಢೀಕರಣದಲ್ಲಿ ಪ್ರತಿ ಪ್ಯಾಕೆಟ್‌ಗೂ ಒಂದು ಕ್ರಮಸಂಖ್ಯೆ ಇರುತ್ತದೆ, ಮತ್ತು ಒಬ್ಬ ನೇಬರ್‌ನಿಂದ ಹಿಂದೆ ಬಂದದ್ದಕ್ಕಿಂತ ಚಿಕ್ಕ ಸಂಖ್ಯೆ ಬಂದರೆ ಹಳೆಯ ಪ್ಯಾಕೆಟ್ ಅನ್ನು ಯಾರೋ ಮರುಬಳಸುತ್ತಿದ್ದಾರೆ ಎಂದು ಭಾವಿಸಿ ಅದನ್ನು ಬಿಸಾಡಲಾಗುತ್ತದೆ. ಹಲವು ಅನುಷ್ಠಾನಗಳು ಈ ಸಂಖ್ಯೆಯನ್ನು ಸಾಧನದ ಗಡಿಯಾರದಿಂದಲೇ ಪಡೆಯುತ್ತವೆ. ಎರಡನೆಯ ಘಟಕದ ಗಡಿಯಾರ ಮೊದಲನೆಯದಕ್ಕಿಂತ ಹಿಂದಿದ್ದರೆ ಅದರ ಸಂಖ್ಯೆಗಳೆಲ್ಲ ಚಿಕ್ಕವಾಗಿ, ಸ್ವಿಚ್ ಹಳೆಯ ನೇಬರ್ ಸತ್ತಿತೆಂದು 40 ಸೆಕೆಂಡ್ ನಂತರ ಘೋಷಿಸುವವರೆಗೆ ಯಾವುದೂ ಒಳಗೆ ಬರುವುದಿಲ್ಲ. ಮರಳುವಾಗ ಸಂಖ್ಯೆ ದೊಡ್ಡದಾಗುವುದರಿಂದ ತೊಂದರೆ ಕಾಣುವುದಿಲ್ಲ. ಸ್ವಿಚ್‌ನ ಲಾಗ್‌ನಲ್ಲಿ ಆ ಹೊತ್ತಿನಲ್ಲಿ ದೃಢೀಕರಣ ಅಥವಾ ಸೀಕ್ವೆನ್ಸ್ ಸಂಖ್ಯೆಯ ದೂರು ಇದೆಯೇ ನೋಡಿ, ಎರಡೂ ಘಟಕಗಳಲ್ಲಿ ಸಮಯವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. 2015ರ ಆರ್‌ಎಫ್‌ಸಿ 7474 ಕ್ರಮಸಂಖ್ಯೆಯನ್ನು 64 ಬಿಟ್‌ಗೆ ವಿಸ್ತರಿಸಿ ಅದರಲ್ಲಿ ಬೂಟ್ ಎಣಿಕೆಯನ್ನು ಸೇರಿಸುತ್ತದೆ, ಆದರೆ ನಿಮ್ಮ ಎರಡು ಘಟಕಗಳು ಬೇರೆ ಬೇರೆ ಎಣಿಕೆ ಇಟ್ಟುಕೊಂಡರೆ ಅದೂ ಇಲ್ಲಿ ಪೂರ್ತಿ ನೆರವಾಗದು. ಎರಡೂ ಘಟಕಗಳಿಗೆ ಒಂದೇ ಎನ್‌ಟಿಪಿ (ಜಾಲದ ಮೂಲಕ ಗಡಿಯಾರ ಹೊಂದಿಸುವ ಪ್ರೋಟೋಕಾಲ್) ಮೂಲ ಕೊಡುವುದು ನೇರವಾದ ಉಪಾಯ. ದೃಢೀಕರಣ ತೆಗೆದುಬಿಡೋಣ ಎಂದು ಮಾತ್ರ ಯೋಚಿಸಬೇಡಿ. ಸಾಧ್ಯವಾದರೆ ಎಂಡಿ5 ಬದಲು 2009ರ ಆರ್‌ಎಫ್‌ಸಿ 5709 ಸೂಚಿಸುವ ಎಚ್‌ಎಂಎಸಿ-ಎಸ್‌ಎಚ್‌ಎ ಬಳಸಿ.

ಬಿಎಫ್‌ಡಿಯ ಬಗ್ಗೆ ಸ್ವಲ್ಪ ನಿಧಾನಿಸಿ. 300 ಮಿಲಿಸೆಕೆಂಡ್ ಅಂತರ, ಗುಣಕ 3 ಎಂದಿಟ್ಟರೆ 900 ಮಿಲಿಸೆಕೆಂಡ್‌ಗಳಲ್ಲಿ ಅದು ನೇಬರ್ ಬಿದ್ದಿತೆಂದು ಹೇಳುತ್ತದೆ. ಘಟಕ ಬದಲಾವಣೆಗೆ ಅದಕ್ಕಿಂತ ಹೆಚ್ಚು ಸಮಯ ಬೇಕಾದರೆ ಪ್ರತಿ ಬದಲಾವಣೆಯೂ ಕಡಿತವೇ ಆಗುತ್ತದೆ. ನಿಮಗೆ ಹೆಚ್ಚು ಹೊಂದುವುದು ಗ್ರೇಸ್‌ಫುಲ್ ರೀಸ್ಟಾರ್ಟ್, ಅಂದರೆ ಆರ್‌ಎಫ್‌ಸಿ 3623. ಅದರಲ್ಲಿ ಹೊಸ ಘಟಕ ಮೊದಲು ಗ್ರೇಸ್ ಎಲ್‌ಎಸ್‌ಎ ಎಂಬ ಒಎಸ್‌ಪಿಎಫ್ ಸಂದೇಶ ಕಳುಹಿಸಿ, ತಾನು ಮರುಪ್ರಾರಂಭವಾಗುತ್ತಿರುವುದಾಗಿಯೂ ಅಲ್ಲಿಯವರೆಗೆ ಹಳೆಯ ರೂಟ್‌ಗಳನ್ನೇ ಬಳಸಬೇಕೆಂದೂ ನೆರೆಯವರನ್ನು ಕೋರುತ್ತದೆ. ಕೋರ್ ಸ್ವಿಚ್‌ಗಳಲ್ಲಿ ಹೆಲ್ಪರ್ ಪಾತ್ರ ಸಕ್ರಿಯವಾಗಿರಬೇಕು, ಮತ್ತು ರೂಟಿಂಗ್ ಟೇಬಲ್ ಸ್ಟ್ಯಾಂಡ್‌ಬೈ ಘಟಕಕ್ಕೂ ಸಿಂಕ್ ಆಗುತ್ತಿರಬೇಕು, ಇಲ್ಲದಿದ್ದರೆ ಸ್ವಿಚ್ ಸಹಕರಿಸಿ ಪ್ಯಾಕೆಟ್ ಕಳುಹಿಸಿದರೂ ಹೊಸ ಘಟಕಕ್ಕೆ ಅದನ್ನು ಎತ್ತ ಕಳುಹಿಸಬೇಕೆಂದು ಗೊತ್ತಿರುವುದಿಲ್ಲ. ಅತಿ ವೇಗದ ಬಿಎಫ್‌ಡಿ ಮತ್ತು ಗ್ರೇಸ್‌ಫುಲ್ ರೀಸ್ಟಾರ್ಟ್ ಒಂದಕ್ಕೊಂದು ಎದುರು ಕೆಲಸ ಮಾಡುತ್ತವೆ. ಒಳ ಲಿಂಕ್‌ಗಳಲ್ಲಿ ಎರಡನೆಯದನ್ನೇ ಆರಿಸಿಕೊಳ್ಳಿ.

ಇನ್ನೊಂದು ಮಾತು. ಪ್ರತಿ ಒಳ ಲಿಂಕ್‌ನಲ್ಲೂ ಫೈರ್‌ವಾಲ್ ಮತ್ತು ಒಂದು ಸ್ವಿಚ್ ಮಾತ್ರ ಇರುವುದಾದರೆ ಅವನ್ನೂ ಪಾಯಿಂಟ್-ಟು-ಪಾಯಿಂಟ್ ಮಾಡಿ. ಡಿಆರ್ (ಬ್ರಾಡ್‌ಕಾಸ್ಟ್ ಲಿಂಕ್‌ನಲ್ಲಿ ಎಲ್ಲರ ಪರವಾಗಿ ಮಾಹಿತಿ ಹಂಚುವ ಮುಖ್ಯ ರೂಟರ್) ಆಯ್ಕೆಯೇ ಬೇಡವಾಗುತ್ತದೆ. ಬ್ರಾಡ್‌ಕಾಸ್ಟ್ ಆಗಿಯೇ ಇಡಬೇಕಾದರೆ ಫೈರ್‌ವಾಲ್‌ನ ಪ್ರಯಾರಿಟಿಯನ್ನು 0 ಮಾಡಿ, ಡಿಆರ್ ಪಟ್ಟ ಸ್ವಿಚ್‌ಗೇ ಇರಲಿ.

ಜಾಲಯಾನಿ

ಎರಡನೆಯ ಘಟಕದ ಗಡಿಯಾರ ನಿಜವಾಗಿಯೂ ಹಿಂದಿತ್ತು. ಅದರ ನಿರ್ವಹಣಾ ಪೋರ್ಟ್‌ನಿಂದ ಎನ್‌ಟಿಪಿ ಸರ್ವರ್‌ಗೆ ಹಾದಿಯೇ ಇರಲಿಲ್ಲ. ಸರಿಪಡಿಸಿದ ಮೇಲೆ ಎರಡೂ ದಿಕ್ಕಿನಲ್ಲಿ ಕೆಲವೇ ಸೆಕೆಂಡ್ ಸಾಕಾಗುತ್ತಿದೆ. ಗ್ರೇಸ್‌ಫುಲ್ ರೀಸ್ಟಾರ್ಟ್ ಅನ್ನು ಮುಂದಿನ ನಿರ್ವಹಣಾ ಅವಧಿಯಲ್ಲಿ ಸೇರಿಸುತ್ತೇವೆ. ಕೊನೆಯದಾಗಿ, ಕೋರ್ ಸ್ವಿಚ್‌ಗಳಲ್ಲಿ ಫೈರ್‌ವಾಲ್ ಕಡೆಗೆ ಈಗಲೂ ಸ್ಟ್ಯಾಟಿಕ್ ಡಿಫಾಲ್ಟ್ ರೂಟ್ ಇದೆ. ಅದನ್ನೂ ಒಎಸ್‌ಪಿಎಫ್ ಮೂಲಕವೇ ಕೊಡಬಹುದೇ?

ಹಾದಿಗಣಕ

ಕೊಡಬಹುದು. ‘ಡಿಫಾಲ್ಟ್-ಇನ್‌ಫರ್ಮೇಶನ್ ಒರಿಜಿನೇಟ್’ ಬಳಸಿ, ಆದರೆ ಅದರ ಮುಂದೆ ‘ಆಲ್ವೇಸ್’ ಪದ ಸೇರಿಸಬೇಡಿ. ಅದಿಲ್ಲದಿದ್ದರೆ ಫೈರ್‌ವಾಲ್ ತನ್ನ ಬಳಿ ಡಿಫಾಲ್ಟ್ ರೂಟ್ ಇದ್ದಾಗ ಮಾತ್ರ ಅದನ್ನು ಸಾರುತ್ತದೆ, ಹೊರಭಾಗದ ಲಿಂಕ್ ಬಿದ್ದರೆ ಹಿಂತೆಗೆದುಕೊಳ್ಳುತ್ತದೆ. ನಿಮ್ಮ ಹೊರಭಾಗದ ಡಿಫಾಲ್ಟ್ ಸ್ಟ್ಯಾಟಿಕ್ ಆಗಿರುವುದರಿಂದ, ಪೋರ್ಟ್ ಚಾಲನೆಯಲ್ಲಿದ್ದು ಸೇವಾದಾರರ ಆಚೆಗಿನ ಹಾದಿ ಮಾತ್ರ ಸತ್ತಿದ್ದರೆ ಆ ರೂಟ್ ಟೇಬಲ್‌ನಲ್ಲಿ ಉಳಿದೇ ಇರುತ್ತದೆ. ಅದಕ್ಕಾಗಿ ಸೇವಾದಾರರ ಗೇಟ್‌ವೇಗಿಂತ ಆಚೆಗಿನ ಒಂದು ವಿಳಾಸವನ್ನು ಪರೀಕ್ಷಿಸುವ ಟ್ರ್ಯಾಕಿಂಗ್ ಅನ್ನು ಆ ಸ್ಟ್ಯಾಟಿಕ್ ರೂಟ್‌ಗೆ ಜೋಡಿಸಿ.

ಸ್ವಿಚ್‌ಗಳಲ್ಲಿನ ಹಳೆಯ ಸ್ಟ್ಯಾಟಿಕ್ ಡಿಫಾಲ್ಟ್ ಅನ್ನು ತೆಗೆಯುವ ಮುನ್ನ ಅದರ ಡಿಸ್ಟೆನ್ಸ್ (ರೂಟ್‌ನ ಆದ್ಯತೆಯ ಅಂಕಿ, ಚಿಕ್ಕದಕ್ಕೆ ಆದ್ಯತೆ) ಅನ್ನು 250ಕ್ಕೆ ಏರಿಸಿ, ಒಎಸ್‌ಪಿಎಫ್‌ನಿಂದ ಬಂದ ಡಿಫಾಲ್ಟ್ ಟೇಬಲ್‌ನಲ್ಲಿ ಕುಳಿತಿದೆಯೇ ನೋಡಿಕೊಳ್ಳಿ. ಶಾಖೆಗೂ ಟನೆಲ್ ಮೂಲಕ ಇದೇ ಡಿಫಾಲ್ಟ್ ಹೋಗುತ್ತದೆ ಎಂಬುದನ್ನು ಗಮನಿಸಿ. ಟನೆಲ್‌ನ ಇನ್ನೊಂದು ತುದಿಯ ಸಾರ್ವಜನಿಕ ವಿಳಾಸಕ್ಕೆ ಶಾಖೆಯ ರೂಟರ್ ತನ್ನ ಸ್ಥಳೀಯ ಸೇವಾದಾರರ ಕಡೆಗೆ ಪ್ರತ್ಯೇಕ ಸ್ಟ್ಯಾಟಿಕ್ ರೂಟ್ ಇಟ್ಟುಕೊಂಡಿರದಿದ್ದರೆ, ಡಿಫಾಲ್ಟ್ ಒಎಸ್‌ಪಿಎಫ್‌ನಿಂದ ಬಂದ ಕೂಡಲೇ ಟನೆಲ್ ತನ್ನ ಮೂಲಕವೇ ತನ್ನನ್ನು ಕಟ್ಟಲು ಹೋಗಿ ಬೀಳುತ್ತದೆ, ಬಿದ್ದ ಮೇಲೆ ಏಳುತ್ತದೆ, ಮತ್ತೆ ಬೀಳುತ್ತದೆ. ಶಾಖೆಯಲ್ಲಿ ಮೊದಲು ಆ ಒಂದು ರೂಟ್ ಬರೆದು, ನಂತರ ಇಲ್ಲಿಂದ ಡಿಫಾಲ್ಟ್ ಬಿಡಿ.